ನಲವತ್ತೇಳನೆಯ ಮೊಳೆ

ಲಿಫ್ಟಿನ ಕೆಂಪು ಅಂಕಿ ಐದರಲ್ಲೇ ನಿಂತಿದೆ, ಮೇಲೆ ಯಾರೋ ಬಾಗಿಲು ಹಿಡಿದುಕೊಂಡು ಮಾತಾಡುತ್ತಿರಬೇಕು, ಮಾತಾಡಲಿ, ಹೊಟ್ಟೆ ತುಂಬ ಮಾತಾಡಲಿ, ಪೂವಪ್ಪನಿಗೆ ಏನೂ ಅವಸರವಿಲ್ಲ, ದುಬೈಯ ಅಲ್ ಮುರಕ್ಕಬಾತಿನ ಬಿಸಿಲಿನಿಂದ ಒಳಗೆ ಬಂದವನಿಗೆ ಈ ತಂಪು, ಈ ಫಿನಾಯಿಲ್ ವಾಸನೆ, ಎರಡೂ ಹಿತವಾಗಿವೆ, ಇಲ್ಲೇ ನಿಂತು ಸಂಜೆ ಮಾಡಿಬಿಟ್ಟರೆ? ಸಂಜೆ ಏಳಕ್ಕೆ ಪ್ರಫುಲ್ಲಾಳ ವಿಮಾನ, ಮಗಳು ದೀಕ್ಷಿತಾಳನ್ನು ಕರೆದುಕೊಂಡು ಊರಿಗೆ, ಗಂಡ ಸತ್ತ ಮೇಲೆ ಗಂಡನ ವೀಸಾ ಹೋಯಿತು, ಅದನ್ನೇ ನೆಚ್ಚಿಕೊಂಡಿದ್ದ ಇವರಿಬ್ಬರದೂ ಹೋಯಿತು, ವಿಮಾನ ಹಾರಿಬಿಟ್ಟರೆ ಪೂವಪ್ಪನಿಗೆ ಉತ್ತರ ಕೊಡುವ ಕಷ್ಟವೇ ಇಲ್ಲ — ಥೂ, ಎಂಥ ಯೋಚನೆ, ತನ್ನೊಂದಿಗೆ ಆರು ವರ್ಷ ಕ್ಯಾಂಪಿನ ಒಂದೇ ಕೋಣೆಯಲ್ಲಿ ಮಲಗಿದವನ ಹೆಂಡತಿ, ಕೈಯಲ್ಲಿ ಅವನದೇ ಸಾಮಾನಿನ ಚೀಲ, ಪೃಥ್ವಿರಾಜನ ಲಾಕರಿನಿಂದ ತೆಗೆದದ್ದು, ಮೈ ಒರೆಸುವ ಒಂದು ಬೈರಾಸು, ಅರ್ಧ ಬಾಟಲಿ ತೆಂಗಿನೆಣ್ಣೆ, ಚಪ್ಪಲಿ, ಮಗಳು ಬಣ್ಣ ಹಚ್ಚಿ ಕಳಿಸಿದ ಒಂದು ಮೀನಿನ ಚಿತ್ರ. ಎಲ್ಲ ಇದೆ. ಚೀಲದಲ್ಲಿ ಇಲ್ಲದ್ದು ಪೂವಪ್ಪನ ಅಂಗಿಯ ಜೇಬಿನಲ್ಲಿದೆ, ಹಿತ್ತಾಳೆಯ ಬಿಲ್ಲೆ, ನಲವತ್ತೇಳು ಎಂದು ಕೊರೆದದ್ದು, ನಲವತ್ತು ದಿನದಿಂದ ಅಂಗಿ ಬದಲಾದ ಹಾಗೆ ಅದೂ ಜೇಬು ಬದಲಿಸುತ್ತಿದೆ, ಎಸೆಯಲು ಎರಡು ಸಲ ಹೊರಟಿದ್ದ, ಮರಳಿನಲ್ಲಿ ಹೂತರೆ ಯಾರಿಗೆ ಗೊತ್ತಾಗುತ್ತದೆ, ಆದರೆ ಕೈ ಕೇಳಲಿಲ್ಲ. ಅಂಕಿ ನಾಲ್ಕಾಯಿತು, ಮೂರಾಯಿತು.

ಹಲಗೆಯ ಮೇಲೆ ಅರವತ್ತು ಮೊಳೆಗಳು, ಒಂದೊಂದರ ಕೆಳಗೆ ಒಂದೊಂದು ನಂಬರು, ಟ್ಯಾಂಕಿನೊಳಗೆ ಇಳಿಯುವವನು ತನ್ನ ಬಿಲ್ಲೆಯನ್ನು ತನ್ನ ಮೊಳೆಗೆ ಹಾಕಿ ಇಳಿಯಬೇಕು, ಹೊರಗೆ ಬಂದವನು ತೆಗೆಯಬೇಕು, ತಾನೇ ತೆಗೆಯಬೇಕು, ಹಲಗೆ ಖಾಲಿಯಾದರೆ ಟ್ಯಾಂಕು ಖಾಲಿ, ಇಷ್ಟೇ ಕಾನೂನು, ಅಬುಧಾಬಿಯ ಮರಳುಗಾಡಿನ ಆ ಗ್ಯಾಸ್ ಪ್ಲಾಂಟಿಗೆ ಹೊಸದಾಗಿ ಬಂದ ಹುಡುಗರಿಗೆಲ್ಲ ನಾಲ್ಕು ಭಾಷೆಗಳಲ್ಲಿ ಇದನ್ನು ಹೇಳಿಕೊಟ್ಟವನು ಪೂವಪ್ಪನೇ, ಹದಿನೆಂಟು ವರ್ಷದ ಫಿಟ್ಟರ್, ಹಿರಿಯ. ಆದರೆ ಗುರುವಾರ ಮಧ್ಯಾಹ್ನದ ಕಾನೂನು ಬೇರೆ, ದುಬೈಗೆ ಹೋಗುವ ಬಸ್ಸು ಹಲಗೆ ಖಾಲಿಯಾಗದೆ ಹೊರಡುವುದಿಲ್ಲ, ಕೈ ತೊಳೆಯುವವನು ತೊಳೆಯುತ್ತಿರುತ್ತಾನೆ, ಬಟ್ಟೆ ಬದಲಿಸುವವನು ಬದಲಿಸುತ್ತಿರುತ್ತಾನೆ, ಒಬ್ಬನ ಬಿಲ್ಲೆಗಾಗಿ ನಲವತ್ತು ಜನ ಕಾಯಬೇಕೇ, ಹಾಗಾಗಿ ಹಲಗೆಯ ಹತ್ತಿರ ಇದ್ದವನು ಉಳಿದವರದನ್ನೂ ತೆಗೆದು ಜೇಬಿಗೆ ಹಾಕಿಕೊಳ್ಳುವುದು, ಬಸ್ಸಿನಲ್ಲಿ ಹಂಚುವುದು, ಪೂವಪ್ಪಣ್ಣ, ನಂದೂ ತೆಗೀರಿ ಮಾರಾಯ್ರೆ, ಕಿಟಕಿ ಸೀಟು ಹಿಡೀಲಿಕ್ಕೆ ಉಂಟು, ಪ್ರತಿ ಗುರುವಾರ ಪೃಥ್ವಿರಾಜನದು ಇದೇ ರಾಗ, ಇವನು ಬೈಯುವುದು, ತೆಗೆಯುವುದು, ಆರು ವರ್ಷ ಹೀಗೇ ನಡೆಯಿತು, ಒಬ್ಬನಿಗೂ ಏನೂ ಆಗಲಿಲ್ಲ. ಆ ಗುರುವಾರವೂ ಹಾಗೇ, ಹಲಗೆಯಲ್ಲಿ ಉಳಿದದ್ದು ಒಂದೇ ಬಿಲ್ಲೆ, ನಲವತ್ತೇಳು, ಪೃಥ್ವಿರಾಜನದು, ಪೂವಪ್ಪ ಕತ್ತು ತಿರುಗಿಸಿ ನೋಡಿದ, ನೀರಿನ ಕೂಲರಿನ ಹತ್ತಿರ ಬಗ್ಗಿ ಮುಖ ತೊಳೆಯುತ್ತಿದ್ದಾನೆ, ಹಳದಿ ಹೆಲ್ಮೆಟ್ಟು, ನೀಲಿ ಬೆನ್ನು — ಎಲ್ಲರ ಬೆನ್ನೂ ನೀಲಿಯಲ್ಲವೇ ಪೂವಪ್ಪಾ, ಎಲ್ಲರ ಹೆಲ್ಮೆಟ್ಟೂ ಹಳದಿ, ಹೆಸರು ಕೂಗಿದ್ದರೆ? ಬರೇ ಹೆಸರು ಕೂಗಿದ್ದರೆ ಸಾಕಿತ್ತು, ಬೆನ್ನು ತಿರುಗುತ್ತಿತ್ತು, ಬೇರೆ ಮುಖ ಕಾಣುತ್ತಿತ್ತು. ಕೂಗಲಿಲ್ಲ. ಬಿಲ್ಲೆ ತೆಗೆದ, ಮೊಳೆ ಖಾಲಿ, ಸೂಪರ್‌ವೈಸರ್ ಕೇಳಿದ, ಖಲಾಸ್? ಪೂವಪ್ಪ ಹೇಳಿದ, ಖಲಾಸ್. ಅವನು ವಾಲ್ವು ತಿರುಗಿಸಿದ, ಒಳಗಿನ ಗಾಳಿಯನ್ನೆಲ್ಲ ಹೊರದೂಡುವ ನೈಟ್ರೋಜನ್, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಉಸಿರು ಕಟ್ಟಿತು ಅಂತ ತಿಳಿಯುವುದೂ ಇಲ್ಲವಂತೆ, ನಿದ್ದೆ ಬಂದ ಹಾಗೆ ಆಗುತ್ತದಂತೆ, ಹಾಗೆ ಹೇಳಿದ ಡಾಕ್ಟರಿಗೆ ಏನು ಗೊತ್ತು. ಬಸ್ಸಿನಲ್ಲಿ ಪೂವಪ್ಪ ಕಿಟಕಿ ಸೀಟಿಗೆ ಟವೆಲು ಹಾಕಿ ಕಾಯುತ್ತಿದ್ದ.

ನಾಲ್ಕನೆಯ ಮಹಡಿ, ಕಾರಿಡಾರಿನಲ್ಲಿ ಮೀನು ಹುರಿದ ವಾಸನೆ, ಶುಕ್ರವಾರವಲ್ಲವೇ. ವಿಚಾರಣೆಯ ದಿನ ಟೈ ಕಟ್ಟಿದ ಮೂವರು ಕೇಳಿದ್ದು ಒಂದೇ ಪ್ರಶ್ನೆ, ಹಲಗೆಯ ಮೇಲೆ ನಲವತ್ತೇಳು ಇತ್ತೇ? ವಾಲ್ವು ತಿರುಗಿಸುವಾಗ ಇರಲಿಲ್ಲ ಸಾರ್, ಅಂದ, ಅದು ಸುಳ್ಳಲ್ಲ, ಹಾಗಾದರೆ ಅವನು ಹಾಕಿಯೇ ಇರಲಿಲ್ಲ ಅಂತ ಅವರೇ ಬರೆದುಕೊಂಡರು, ಇವನು ತಲೆಯಾಡಿಸಿದ, ಆಡಿಸಿದನೋ, ತಾನಾಗಿ ಆಡಿತೋ, ಜೈಲು ಅಂದರೆ ಏನಂತ ಈ ದೇಶದಲ್ಲಿ ಯಾರಿಗೆ ಗೊತ್ತಿಲ್ಲ, ಪಾಸ್‌ಪೋರ್ಟು ಕಂಪನಿಯ ಪೆಟ್ಟಿಗೆಯಲ್ಲಿ, ಮುಂದಿನ ವರ್ಷ ಖಾಯಂ ಊರಿಗೆ ಹೋಗುವುದೆಂದು ಹೆಂಡತಿ ಚಂದ್ರಮತಿ ಆಗಲೇ ಅಂಗಳಕ್ಕೆ ಮಲ್ಲಿಗೆ ಹಾಕಿದ್ದಾಳೆ, ಗಂಡ ಬಂದ ಮೇಲೆ ಹೂ ಬಿಡಬೇಕಂತೆ. ಸತ್ತವನಿಗೆ ಇನ್ನೇನು ನಷ್ಟ, ಅಂದುಕೊಂಡಿದ್ದ, ಅಂದುಕೊಂಡೇ ನಲವತ್ತು ದಿನ ಉಂಡಿದ್ದ, ಮಲಗಿದ್ದ.

ಬನ್ನಿ ಪೂವಪ್ಪಣ್ಣ, ಪ್ರಫುಲ್ಲಾ ಬಾಗಿಲು ತೆರೆದಳು, ಎಷ್ಟು ಸೊರಗಿದ್ದಾಳೆ, ಇದು ಮಾರ್ಗರೆಟ್ ಆಂಟಿಯ ಫ್ಲ್ಯಾಟು, ನಾಲ್ಕು ಕೋಣೆಗಳಲ್ಲಿ ನಾಲ್ಕು ಸಂಸಾರ, ಬಾಗಿಲ ಪಕ್ಕದ ಗೋಡೆಗೆ ನಾಲ್ಕು ಮೊಳೆ, ಒಂದೊಂದು ಕೋಣೆಯ ಬೀಗದ ಕೈಗೆ ಒಂದೊಂದು, ಮೂರರಲ್ಲಿ ತೂಗುತ್ತಿವೆ, ಒಂದು ಖಾಲಿ — ಅದನ್ನು ನೋಡಬಾರದು, ಸೂಟ್‌ಕೇಸು ನೋಡು, ಅದಕ್ಕೆ ಕಟ್ಟಿದ ಹಗ್ಗ ನೋಡು. ಚಾ ಮಾಡ್ತೇನೆ, ಕೂತುಕೊಳ್ಳಿ. ಬೇಡ ತಂಗಿ, ಟ್ಯಾಕ್ಸಿ ಬರ್ತದೆ. ಚೀಲ ತೆರೆದಳು, ಬೈರಾಸನ್ನು ಮೂಗಿಗೆ ಹಿಡಿದಳು, ಹಿಡಿದುಕೊಂಡೇ ನಿಂತಳು, ಪೂವಪ್ಪ ಗೋಡೆಯ ಕಡೆ ತಿರುಗಿದ, ಮತ್ತೆ ಮೊಳೆ. ಒಂದು ಮಾತು ಕೇಳ್ತೇನೆ, ನೀವು ಹೇಳಿದ್ರೆ ನಂಬ್ತೇನೆ, ಇವರು ಬಿಲ್ಲೆ ಹಾಕದೆ ಹೋದದ್ದು ಹೌದಾ? ಊರಲ್ಲಿ ಅತ್ತೆ ದಿನಾ ಫೋನಲ್ಲಿ ಕೇಳ್ತಾರೆ, ಅವನ ಅಜಾಗ್ರತೆಯಿಂದಲೇ ಆದದ್ದಂತಲ್ಲ, ಎಲ್ಲರೂ ಹಾಗೇ ಹೇಳ್ತಾರಂತಲ್ಲ ಅಂತ, ನಾನೆಂತ ಹೇಳುದು, ಮಲಗುವ ಮೊದಲು ಗ್ಯಾಸಿನ ನಾಬನ್ನು ಮೂರು ಸರ್ತಿ ಮುಟ್ಟಿ ನೋಡುವ ಜನ ಪೂವಪ್ಪಣ್ಣ, ಅವರು ಮರೀತಾರಾ? ಬಾಗಿಲ ಸಂದಿಯಿಂದ ದೀಕ್ಷಿತಾ, ಆರು ವರ್ಷ, ಅಪ್ಪನದೇ ಕಣ್ಣು, ಅಂಕಲ್, ಡಿಡ್ ಪಪ್ಪ ಫರ್ಗೆಟ್? ಪ್ರಫುಲ್ಲಾ ಸೆರಗಿನಿಂದ ಕಣ್ಣೊರೆಸಿಕೊಂಡು ಬೀಗದ ಕೈ ಅವನ ಕೈಗಿಟ್ಟಳು, ಇದೊಂದು ಆ ಮೊಳೆಗೆ ಹಾಕಿ, ಆಂಟಿ ಹೇಳಿದ್ದಾರೆ, ಹೋಗುವಾಗ ಅಲ್ಲಿ ಇರಬೇಕಂತ.

ಬೀಗದ ಕೈ ಎಡಗೈಯಲ್ಲಿದೆ, ಬಲಗೈ ಎಲ್ಲಿ ಹೋಯಿತು, ಜೇಬಿಗೆ ಹೋಗಿದೆ, ಬೇಡ, ಚಂದ್ರಮತಿ, ಮಲ್ಲಿಗೆ, ಪಾಸ್‌ಪೋರ್ಟು, ಬೇಡ ಪೂವಪ್ಪಾ, ಒಂದು ಗಂಟೆ ತಡೆದರೆ ಟ್ಯಾಕ್ಸಿ ಬರುತ್ತದೆ, ವಿಮಾನ ಹಾರುತ್ತದೆ, ಮರಳಿನ ಮೇಲಿಂದ ಹಾರುತ್ತದೆ, ಕಿಟಕಿ ಸೀಟಿನಲ್ಲಿ ಈ ಮಗು ಕೂತು ಪಪ್ಪ ಮರೆತರು ಅಂದುಕೊಳ್ಳುತ್ತದೆ, ದೊಡ್ಡವಳಾದ ಮೇಲೂ, ಮದುವೆಯಾದ ಮೇಲೂ, ಮಕ್ಕಳಾದ ಮೇಲೂ ನಮ್ಮ ಪಪ್ಪ ಮರೆತರು — ಹಿತ್ತಾಳೆ ಬೆವರಿನಲ್ಲಿ ಜಾರುತ್ತಿದೆ, ತೂತು ಸಣ್ಣದು, ಮೊಳೆ ದಪ್ಪ, ಸೇರಿತು. ಅವನೇ ಹಾಕಿದ್ದ ತಂಗಿ, ಬೆಳಿಗ್ಗೆ, ನನ್ನ ಕಣ್ಣೆದುರು ಹಾಕಿದ್ದ. ತೆಗೆದದ್ದು ನಾನು. ಹೇಳಿದ್ದು ತನ್ನದೇ ಧ್ವನಿಯೇ, ಪ್ರಫುಲ್ಲಾ ಏನಾದರೂ ಅಂದಳೇ, ಬೈದಳೇ, ಕಿವಿಗೆ ಬೀಳುತ್ತಿಲ್ಲ, ಎಡಗೈಯಲ್ಲಿ ಬೀಗದ ಕೈ ಹಾಗೇ ಉಳಿದಿದೆ, ಮಗು ಹತ್ತಿರ ಬಂದು ತಲೆಯೆತ್ತಿ ಅಂಕಿ ಓದುತ್ತಿದೆ, ಫೋರ್, ಸೆವೆನ್, ಮೊಳೆಯಲ್ಲಿ ಬಿಲ್ಲೆ ತೂಗುತ್ತಿದೆ, ಈ ಕಡೆ, ಆ ಕಡೆ, ಅವನಿನ್ನೂ ಒಳಗಿದ್ದಾನೆ, ತೂಗುತ್ತಿದೆ, ಒಳಗಿದ್ದಾನೆ, ನಲವತ್ತೇಳು