ಜೋಡಿ ಸೈಕಲ್ಲಿನ ಮುಂದಿನ ಸೀಟು

ಆ ಸೈಕಲ್ಲಿಗೆ ಸೀಟು ಎರಡು, ಪೆಡಲು ಎರಡು ಜೊತೆ, ಬಾಯಿ ಮಾತ್ರ ಒಂದೇ. ಮುಂದಿನ ಸೀಟು ಹೆಂಡತಿಯದು, ಹಿಂದಿನದು ಗಂಡನದು, ಬಾಯಿಯೂ ಹೆಂಡತಿಯದೇ. ಮನೆಮನೆಗೆ ಹೋಗಿ ಪಿಯಾನೋಗಳಿಗೆ ಶ್ರುತಿ ಕೂಡಿಸಿಕೊಡುವ ಗಂಡನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹಾಗಾಗಿ ದಾರಿಯಲ್ಲಿ ಕಂಡದ್ದನ್ನೆಲ್ಲ ಅವಳು ಕೂಗಿ ಹೇಳುತ್ತಾ ಹೋಗಬೇಕು. ಗುಂಡಿ ಬಂದರೆ "ಗುಂಡಿ", ಏರು ಬಂದರೆ "ಒತ್ತಿ", ಇಳಿಜಾರು ಬಂದರೆ "ಕಾಲು ಬಿಡಿ". ನಡುನಡುವೆ, ಕೇಳದಿದ್ದರೂ, ಯಾರ ಮನೆಗೆ ಹೊಸ ಬಣ್ಣ ಬಳಿದಿದ್ದಾರೆ, ಯಾರ ಬಾಲ್ಕನಿಯಲ್ಲಿ ಹೂ ಬಿಟ್ಟಿದೆ ಎನ್ನುವ ವರದಿಯೂ ಇರುತ್ತಿತ್ತು. ಗಂಡ ಅವಳಿಗೆ "ಡ್ರೈವರಮ್ಮ" ಎಂದು ಹೆಸರಿಟ್ಟ. ಬೀದಿಯವರೂ ಅದನ್ನೇ ಹಿಡಿದುಕೊಂಡರು.

ಜೋಡಿ ಸೈಕಲ್ಲು ಓಡುವಾಗ ತೊಂದರೆ ಕೊಡುವುದಿಲ್ಲ. ಕಷ್ಟವೆಲ್ಲ ನಿಲ್ಲುವಾಗ. ಹಿಂದಿನ ಸವಾರ ಪೆಡಲಿನ ಮೇಲೆ ಕಾಲಿಟ್ಟುಕೊಂಡು ಮಹಾರಾಜರ ಹಾಗೆ ಕೂತೇ ಇರುತ್ತಾನೆ. ಮುಂದಿನವರು ಎರಡೂ ಕಾಲು ನೆಲಕ್ಕೂರಿ ಸೈಕಲ್ಲನ್ನೂ ಮಹಾರಾಜರನ್ನೂ ಅವರ ಉಪಕರಣಗಳ ಚೀಲವನ್ನೂ ಹೊತ್ತು ನಿಲ್ಲಬೇಕು. ಡ್ರೈವರಮ್ಮ ಒಂದು ಸಿಗ್ನಲ್ಲಿನಲ್ಲಿ ಹೀಗೇ ಕಾಲೂರಿದಾಗ ಬಲಗಾಲು ಚರಂಡಿ ಮುಚ್ಚಳದ ಕುಸಿದ ಅಂಚಿನ ಮೇಲೆ ಬಿತ್ತು. ಪಾದ ಒಳಕ್ಕೆ ಮಡಚಿಕೊಂಡು ಉಳುಕಿತು. ಕಣ್ಣಲ್ಲಿ ನೀರು ಬಂದರೂ ಸೈಕಲ್ಲನ್ನು ಮಾತ್ರ ಬೀಳಗೊಡಲಿಲ್ಲ.

"ರೀ, ಸ್ವಲ್ಪ ಇಳೀತೀರಾ?" ಎಂದಳು.

"ಏನಾಯ್ತು? ನೀನು ಇಷ್ಟು ಮೆಲ್ಲಗೆ ಮಾತಾಡಿದ್ದು ನಾನು ಕೇಳೇ ಇಲ್ಲವಲ್ಲ!" ಎಂದು ಗಂಡ ಗಾಬರಿಯಾಗಿ ಇಳಿದ.

ಸಂಜೆಯ ಹೊತ್ತಿಗೆ ಪಾದದ ಗಂಟು ಬನ್ನಿನ ಹಾಗೆ ಊದಿಕೊಂಡಿತು. ಅಕ್ಕನ ಮಗಳು ಓಡಿಬಂದಳು. ಅವಳು ಫಿಸಿಯೋಥೆರಪಿಸ್ಟ್. ಕೈಯಲ್ಲಿ ಎಷ್ಟು ಮೆದುವೋ ಮಾತಿನಲ್ಲಿ ಅಷ್ಟೇ ಖಡಕ್ಕು. ಎಕ್ಸ್‌ರೇ ತೆಗೆಸಿ ನೋಡಿ, "ಮೂಳೆಗೇನೂ ಆಗಿಲ್ಲ ಚಿಕ್ಕಮ್ಮ. ಮೂಳೆ ಮೂಳೆಗೆ ಕಟ್ಟಿರೋ ನಾರು ಎಳೆದುಬಿಟ್ಟಿದೆ. ಅದು ಕೂಡಿಕೊಳ್ಳೋಕೆ ಪುರಸೊತ್ತು ಕೊಡಬೇಕು" ಎಂದಳು.

ಪುರಸೊತ್ತು ಡ್ರೈವರಮ್ಮನ ಜಾಯಮಾನವಲ್ಲ. ಆದರೂ ಹೇಳಿದ್ದನ್ನೆಲ್ಲ ಮಾಡಿದಳು. ಕಾಲನ್ನು ದಿಂಬಿನ ಮೇಲೇರಿಸಿ ಕೂತಳು. ಊತ ಇಳಿದ ಮೇಲೆ ಟವೆಲ್ಲನ್ನು ಅಂಗಾಲಿಗೆ ಸುತ್ತಿ ತನ್ನ ಕಡೆಗೆ ಎಳೆದುಕೊಂಡಳು. ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆದಳು. "ಞ ಬರೆಯೋಷ್ಟರಲ್ಲಿ ಪ್ರಾಣ ಹೋಯ್ತು ಕಣೇ" ಎಂದು ಫೋನಿನಲ್ಲಿ ದೂರಿದರೆ, "ಇನ್ನೊಂದು ಸಲ ಬರೀರಿ, ಅಕ್ಷರ ದುಂಡಗಿರಲಿ" ಎಂದು ಆ ಕಡೆಯಿಂದ ಉತ್ತರ ಬಂತು.

ಕೆಲಸಕ್ಕೆ ಹೋಗಲು ಗಂಡನಿಗೆ ಬಸ್ಸಿತ್ತು. ಚಿಂತೆ ಇದ್ದದ್ದು ಬರುವ ಭಾನುವಾರದ ಸವಾರಿಯದು. ವರ್ಷಕ್ಕೊಮ್ಮೆ ಸೈಕಲ್ ಕ್ಲಬ್ಬಿನವರೆಲ್ಲ ಸೇರಿ ಕೆರೆಯವರೆಗೆ ಹೋಗಿಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಜೋಡಿ ಸೈಕಲ್ಲು, ಅದರ ಮುಂದಿನ ಸೀಟಿನಲ್ಲಿ ಡ್ರೈವರಮ್ಮ. ಕ್ಲಬ್ಬು ಶುರುವಾದಾಗಿನಿಂದ ಹೀಗೇ.

ಹೀಗಿರುವಾಗ ಬೇಕರಿಯವನು ಬಂದ. ಎದುರುಮನೆಯ ಈ ಮನುಷ್ಯ ಕಾಲು ಉಳುಕಿದ ದಿನದಿಂದ ಬೆಳಿಗ್ಗೆ ಬೆಳಿಗ್ಗೆಯೇ ಬಿಸಿ ಬ್ರೆಡ್ಡನ್ನು ಬಾಗಿಲಿಗೆ ತಂದುಕೊಡುತ್ತಿದ್ದ. "ಅಕ್ಕ, ನೀವು ಯೋಚನೆ ಮಾಡಬೇಡಿ. ಭಾನುವಾರ ಭಾವನ್ನ ನಾನು ಕೂರಿಸಿಕೊಂಡು ಹೋಗ್ತೀನಿ. ನನ್ನ ಕಾಲು ನೋಡಿ, ಕಂಬ ಇದ್ದ ಹಾಗಿದೆ" ಎಂದು ತೊಡೆ ತಟ್ಟಿದ.

"ಆಹಾ, ಬರ್ತೀನಪ್ಪ" ಎಂದ ಗಂಡ. "ನಿನ್ನ ಹಿಂದೆ ಕೂತ್ರೆ ಬಿಸ್ಕೆಟ್ ವಾಸನೆ. ಇವಳ ಹಿಂದೆ ಕೂತ್ರೆ ಬರೀ ಬೈಗುಳ."

ಡ್ರೈವರಮ್ಮ ನಕ್ಕಳು. ಒಳಗೆ ಮಾತ್ರ ಚುರ್ ಎಂದಿತು. ಒಂದು ಸಲ ಆ ಕಂಬದಂಥ ಕಾಲುಗಳ ಹಿಂದೆ ಹಾಯಾಗಿ ಹೋಗಿಬಂದವನಿಗೆ, ವಯಸ್ಸಾದ ಹೆಂಗಸಿನ ಹಿಂದೆ ಏದುಸಿರು ಬಿಡುತ್ತಾ ಏರು ಹತ್ತುವುದು ಯಾಕೆ ಬೇಕು? ಈ ಸಲ ಸೀಟು ಬಿಟ್ಟುಕೊಟ್ಟರೆ ಅದು ಮತ್ತೆ ತನಗೆ ಸಿಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿಹೋಯಿತು.

"ನೋಡೋಣ ಕಣಪ್ಪ, ನನ್ನ ಕಾಲು ಆಗಲೇ ಸರಿಹೋಗಿದೆ" ಎಂದಳು.

ಸರಿಹೋಯಿತೋ ಇಲ್ಲವೋ ತಿಳಿಯಲು ಅಕ್ಕನ ಮಗಳು ಒಂದು ಪರೀಕ್ಷೆ ಇಟ್ಟಿದ್ದಳು. ಬಲಗಾಲೊಂದರ ಮೇಲೆ, ಏನನ್ನೂ ಹಿಡಿಯದೆ, ಕಣ್ಣು ಮುಚ್ಚಿಕೊಂಡು, ನಿಧಾನವಾಗಿ ಮೂವತ್ತು ಎಣಿಸುವಷ್ಟು ಹೊತ್ತು ನಿಲ್ಲಬೇಕು. "ಪೆಡಲ್ ತುಳಿಯೋದು ದೊಡ್ಡ ವಿಷಯ ಅಲ್ಲ ಚಿಕ್ಕಮ್ಮ. ಸೀಟು ಚೂರು ಇಳಿಸಿ, ಪಾದವನ್ನ ಪೆಡಲ್ ಮೇಲೆ ಸ್ವಲ್ಪ ಮುಂದಕ್ಕಿಟ್ಟು ತುಳಿದ್ರೆ ಗಂಟಿಗೆ ಭಾರ ಬೀಳಲ್ಲ. ಆದ್ರೆ ನಿಲ್ಲಿಸಿದಾಗ ಇಬ್ಬರ ಭಾರ ಆ ಕಾಲಿನ ಮೇಲೇ ಬೀಳತ್ತೆ. ಪಾಸಾಗದೆ ಸೈಕಲ್ ಮುಟ್ಟಬೇಡಿ."

ಅಡುಗೆಮನೆಯಲ್ಲಿ ಗಂಡಹೆಂಡಿರು ಸೇರಿ ಅಭ್ಯಾಸ ಮಾಡಿದರು. ಗಂಡ ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ ನಿಂತು ಹಾಡೊಂದನ್ನು ಗುನುಗಿದ. ಡ್ರೈವರಮ್ಮ ಕಣ್ಣು ಮುಚ್ಚಿದ ಕೂಡಲೇ ತೆಂಗಿನ ಗರಿಯ ಹಾಗೆ ಓಲಾಡಿದಳು.

"ನಿಮಗೇನ್ರೀ, ಹುಟ್ಟಿದಾಗಿನಿಂದ ಅಭ್ಯಾಸ."

"ಮತ್ತೆ! ಒಂದು ವಿಷಯದಲ್ಲಾದ್ರೂ ನಾನು ನಿನಗೆ ಗುರು. ನೆಲ ಎಲ್ಲಿದೆ ಅಂತ ಹುಡುಕಬೇಡ, ಅದು ಕಾಲ ಕೆಳಗೇ ಇರತ್ತೆ."

ಶನಿವಾರ ಸಂಜೆ ನಿಜವಾದ ಪರೀಕ್ಷೆ. ಗಂಡ ಎಣಿಸಿದ, ಅವಳು ನಿಂತಳು. ಹತ್ತರವರೆಗೆ ನ್ಯಾಯವಾಗಿಯೇ ನಿಂತಳು. ಆಮೇಲೆ ಪಾದ ಗಡಗಡ ನಡುಗತೊಡಗಿತು. ಯಾರು ನೋಡುತ್ತಾರೆ? ಕಿರುಬೆರಳನ್ನು ಮೆಲ್ಲಗೆ ಮೇಜಿನ ಅಂಚಿಗೆ ತಾಗಿಸಿದಳು. ಮೇಜಿನ ಮೇಲಿದ್ದ ಕಾಫಿ ಕಪ್ಪು ಸಾಸರಿನಲ್ಲಿ ಕಿಣಿಕಿಣಿ ಎಂದಿತು.

"ಏನದು ಸದ್ದು?" ಎಂದ ಗಂಡ.

"ಲಾರಿ ಹೋಯ್ತು ಬೀದೀಲಿ."

"ಓಹೋ. ಸದ್ದಿಲ್ಲದ ಲಾರಿಗಳು ಬಂದಿವೆ ಅನ್ನು." ಅಷ್ಟೇ ಹೇಳಿ ಮೂವತ್ತರವರೆಗೆ ಎಣಿಸಿ ಮುಗಿಸಿದ. ಅವಳು ಅಕ್ಕನ ಮಗಳಿಗೆ ಫೋನು ಮಾಡಿ ಪಾಸಾದೆ ಎಂದಳು.

ಭಾನುವಾರ ಬಿಸಿಲು ಹಿತವಾಗಿತ್ತು. ಪಾದಕ್ಕೆ ಪಟ್ಟಿ ಬಿಗಿದು ಡ್ರೈವರಮ್ಮ ತನ್ನ ಸೀಟಿನಲ್ಲಿ ಕೂತಳು. ಹಿಂದೆ ಬೇಕರಿಯವನು, ಮತ್ತಷ್ಟು ಸೈಕಲ್ಲುಗಳು, ಕೊನೆಗೆ ನೀರು, ಬಾಳೆಹಣ್ಣು, ಔಷಧಿಪೆಟ್ಟಿಗೆ ಹೊತ್ತ ವ್ಯಾನು. ವ್ಯಾನು ಓಡಿಸುತ್ತಿದ್ದವಳು ಅಕ್ಕನ ಮಗಳೇ.

ಮೊದಲ ಸಿಗ್ನಲ್ಲಿನಲ್ಲಿ ಡ್ರೈವರಮ್ಮ ಉಪಾಯವಾಗಿ ಎಡಗಾಲನ್ನು ಗಟ್ಟಿಯಾಗಿ ಊರಿ, ಬಲಗಾಲನ್ನು ಸುಮ್ಮನೆ ತಾಗಿಸಿದಳು. ಆಶ್ಚರ್ಯ! ಸೈಕಲ್ಲು ಹೂವಿನಷ್ಟು ಹಗುರ. ಎರಡನೆಯ ಸಿಗ್ನಲ್ಲಿನಲ್ಲೂ ಹಾಗೇ. ನೋವಿಲ್ಲ, ನಡುಕವಿಲ್ಲ. 'ಸುಮ್ಮನೆ ಹೆದರಿಸಿದ್ದಳು ಹುಡುಗಿ' ಎಂದುಕೊಂಡು ಅವಳು ಉಬ್ಬಿಹೋದಳು. "ಒತ್ತಿ! ಗುಂಡಿ! ಈ ಮನೆಗೆ ನೀಲಿ ಬಾಗಿಲು ಹಾಕಿಸಿದ್ದಾರೆ, ಚೆನ್ನಾಗಿಲ್ಲ!" ಎಂದು ಗಂಟಲು ತೆರೆದಳು.

ರೈಲ್ವೆ ಗೇಟು ಹಾಕಿತ್ತು. ನಿಂತರು. ಪಕ್ಕದಲ್ಲಿ ಬಟ್ಟೆ ಅಂಗಡಿಯ ದೊಡ್ಡ ಗಾಜು. ಟೋಪಿ ಸರಿಮಾಡಿಕೊಳ್ಳಲು ಡ್ರೈವರಮ್ಮ ಅತ್ತ ತಿರುಗಿದಳು. ಗಾಜಿನಲ್ಲಿ ತಾನಿದ್ದಳು, ಸೈಕಲ್ಲಿತ್ತು, ಹಿಂದೆ ಗಂಡನಿದ್ದ. ಅವನ ಎರಡು ಕಾಲೂ ನೆಲದ ಮೇಲಿದ್ದವು.

ಹಿಂದಿನವನು ಕಾಲಿಳಿಸಬಾರದು ಎಂಬುದು ಅವರ ಮೊದಲ ದಿನದ ಕರಾರು. ಕಾಣದ ನೆಲಕ್ಕೆ ಕಾಲು ಚಾಚಿದರೆ ಕಲ್ಲು ಸಿಗುತ್ತದೋ, ಚರಂಡಿ ಸಿಗುತ್ತದೋ ಯಾರಿಗೆ ಗೊತ್ತು? ಆದರೂ ಅವನು ಸೀಟಿನ ತುದಿಗೆ ಜಾರಿ, ಎರಡೂ ಬೂಟುಗಳನ್ನು ಊರಿ, ಕತ್ತಿನ ನರ ಉಬ್ಬುವಂತೆ ಇಡೀ ಸೈಕಲ್ಲನ್ನು ಹೊತ್ತು ನಿಂತಿದ್ದ. ಹೂವಿನ ಹಗುರ ಎಲ್ಲಿಂದ ಬಂತು ಎಂದು ಅವಳಿಗೆ ಆಗ ಅರ್ಥವಾಯಿತು.

"ರೀ, ಯಾವಾಗಿನಿಂದ ಹೀಗೆ ಕಾಲು ಇಳಿಸ್ತಿದ್ದೀರಿ?"

ಗಂಡ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ನಕ್ಕ. "ಮೊದಲ ಸಿಗ್ನಲ್ಲಿನಿಂದ. ನಮ್ಮ ಪೆಡಲು ಎರಡೂ ಒಂದೇ ಸರಪಳಿಗೆ ಕಟ್ಟಿದ್ದು ಕಣೇ. ಬಲಗಾಲು ಕೆಳಗೆ ಬಂದಾಗಲೆಲ್ಲ ನೀನು ತುಳಿಯೋದು ಬಿಡ್ತಿದ್ದೀಯ. ನನ್ನ ಕಾಲಿಗೆ ಗೊತ್ತಾಗಲ್ವಾ?"

"ಮತ್ತೆ ಸುಮ್ಮನಿದ್ದಿರಲ್ಲ!"

"ನಿನಗೆ ಅಷ್ಟೊಂದು ಆಸೆ ಇತ್ತು."

"ಮೋರಿಯೊಳಗೆ ಕಾಲು ಹೋಗಿದ್ರೆ? ಇಬ್ಬರೂ ದಿಂಬಿನ ಮೇಲೆ ಕಾಲಿಟ್ಟುಕೊಂಡು ಅ ಆ ಇ ಈ ಬರೀಬೇಕಾಗ್ತಿತ್ತು." ಇನ್ನೂ ಬೈಯಬೇಕೆಂದಿದ್ದವಳು ಸೀಟು ಬಿಟ್ಟು ಇಳಿದಳು. ಹಿಂದೆ ತಿರುಗಿ ಕೂಗಿದಳು. "ಏ ಬೇಕರಿ! ಬಾರಪ್ಪ ಇಲ್ಲಿ. ನಿಮ್ಮ ಭಾವನ್ನ ಜೋಪಾನವಾಗಿ ಕರ್ಕೊಂಡು ಹೋಗು."

ಬೇಕರಿಯವನ ಸೈಕಲ್ಲು ವ್ಯಾನಿನ ಹಿಂಬದಿಗೆ ಏರಿತು, ಡ್ರೈವರಮ್ಮ ಮುಂಬದಿಗೆ ಏರಿದಳು.

"ಚಿಕ್ಕಮ್ಮ, ಪಾಸು ಅಂದಿದ್ರಲ್ಲ?" ಎಂದಳು ಅಕ್ಕನ ಮಗಳು.

"ಕಾಪಿ ಹೊಡೆದು ಪಾಸಾಗಿದ್ದೆ."

"ಹಾಗಾದ್ರೆ ಫೇಲು. ನಾಳೆಯಿಂದ ಮತ್ತೆ ಒಂದನೇ ಕ್ಲಾಸು." ಹುಡುಗಿ ಹುಬ್ಬು ಗಂಟಿಕ್ಕಿಯೇ ಹೇಳಿದಳು. ಆದರೆ ಗೇಟು ತೆರೆಯುವ ಮೊದಲು ತನ್ನ ಸ್ವೆಟರನ್ನು ಮಡಚಿ ಚಿಕ್ಕಮ್ಮನ ಕಾಲ ಕೆಳಗೆ ಇಟ್ಟಳು.

ಜೋಡಿ ಸೈಕಲ್ಲು ಹೊರಟಿತು. ಬೇಕರಿಯವನ ಕಾಲು ಕಂಬವೇ ಸರಿ, ಆದರೆ ಬಾಯಿ ಕಲ್ಲು. ಏನೂ ಹೇಳದೆ ಸರಕ್ಕನೆ ತಿರುಗಿದ. ಗಂಡ ಒಂದು ಕಡೆಗೆ ವಾಲಿದ. ಏನೂ ಹೇಳದೆ ಗುಂಡಿಗೆ ಇಳಿಸಿದ. ಗಂಡ ಸೀಟಿನಿಂದ ಗೇಣೆತ್ತರ ಹಾರಿ ಕೂತ.

"ಅಯ್ಯೋ ಹೇಳೋ ಅವರಿಗೆ!" ಡ್ರೈವರಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. "ಸ್ವಲ್ಪ ಪಕ್ಕಕ್ಕೆ ಹೋಗೇ" ಎಂದು ವ್ಯಾನನ್ನು ಸೈಕಲ್ಲಿನ ಪಕ್ಕಕ್ಕೆ ತರಿಸಿ, ಕಿಟಕಿಯಿಂದ ತಲೆ ಹೊರಹಾಕಿದಳು. "ರೀ, ಎಡಕ್ಕೆ! ಗುಂಡಿ! ಬೇಕರಿ, ಮೊದಲು ಬಾಯಿ ಬಿಡು, ಆಮೇಲೆ ಬ್ರೇಕು ಹಿಡಿ!"

"ನನಗೆ ಎರಡೂ ಒಟ್ಟಿಗೆ ಬರಲ್ಲ ಅಕ್ಕ! ನೀವೇ ಹೇಳ್ತಾ ಬನ್ನಿ!"

ಕೆರೆಯ ಏರಿನ ಬುಡಕ್ಕೆ ಬಂದರು. ಅಲ್ಲಿ ರಸ್ತೆ ಕಿರಿದಾಗುತ್ತದೆ, ವ್ಯಾನು ಹಿಂದೆ ಬೀಳಲೇಬೇಕು. ಬೇಕರಿಯವನು ಕಂಬಗಳನ್ನು ಊರಿ ತುಳಿಯತೊಡಗಿದ. ಗಂಡ ಮಾತ್ರ ಪೆಡಲಿನ ಮೇಲೆ ಸುಮ್ಮನೆ ಕಾಲಿಟ್ಟುಕೊಂಡು, ಕಿವಿಯನ್ನು ಹಿಂದಕ್ಕೆ ತಿರುಗಿಸಿ ಕೂತ.

"ಭಾವ, ಒತ್ತಿ ಭಾವ! ಉಸಿರು ಹೋಗ್ತಿದೆ!"

"ಡ್ರೈವರಮ್ಮ ಇನ್ನೂ ಹೇಳಿಲ್ಲವಲ್ಲಪ್ಪ" ಎಂದ ಗಂಡ.

ಡ್ರೈವರಮ್ಮ ಸೊಂಟದವರೆಗೆ ಕಿಟಕಿಯಿಂದ ಹೊರಗೆ ಬಾಗಿದಳು. ಅಕ್ಕನ ಮಗಳು ಒಂದು ಕೈಯಲ್ಲಿ ಸ್ಟಿಯರಿಂಗು, ಇನ್ನೊಂದು ಕೈಯಲ್ಲಿ ಚಿಕ್ಕಮ್ಮನ ಸೆರಗು ಹಿಡಿದುಕೊಂಡಳು.

"ಒತ್ರೀ!" ಎಂದು ಡ್ರೈವರಮ್ಮ ಇಡೀ ಏರಿಗೆ ಕೇಳುವ ಹಾಗೆ ಕೂಗಿದಳು. ಗಂಡ ನಗುತ್ತಾ ಒತ್ತಿದ.