ಎತ್ತಿದ ಕೈ

ಮಾಸ್ಟರಿಗೆ ಕೈಕೊಟ್ಟದ್ದು ಬೇರೆ ಯಾರೂ ಅಲ್ಲ, ಅವರದೇ ಬಲಗೈ.

ಆಟ ಆಡಿ ಸಂಬಳ ತೆಗೆದುಕೊಳ್ಳುವವನನ್ನು ಕಂಡು ಜನ ನಗುತ್ತಿದ್ದ ಕಾಲ ಅದು. ಅವರು ಬೆಳಿಗ್ಗೆ ಫುಟ್‌ಬಾಲು, ಸಂಜೆ ವಾಲಿಬಾಲು ಆಡಿ ಎರಡಕ್ಕೂ ಸಂಬಳ ಪಡೆಯುತ್ತಿದ್ದರು. ಎರಡರಲ್ಲೂ ಎತ್ತಿದ ಕೈ. ಆ ಎತ್ತಿದ ಕೈಯೇ ಮುಳುವಾಯಿತು. ಫುಟ್‌ಬಾಲ್ ಫೈನಲ್ಲಿನ ಕೊನೆಯ ನಿಮಿಷ, ತಮ್ಮ ಗೋಲಿನ ಮುಂದೆಯೇ ಚೆಂಡು ತಲೆಯ ಮೇಲೆ ಬಂತು. ವಾಲಿಬಾಲಿನ ರೂಢಿಗೆ ಕೈ ತಾನಾಗಿ ಮೇಲೆದ್ದು ತಡೆಯಿತು. ಪೆನಾಲ್ಟಿ, ಸೋಲು. ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿ ಇಷ್ಟೇ ಎಂದು ಊರೆಲ್ಲ ಆಡಿಕೊಂಡಿತು.

ಫುಟ್‌ಬಾಲ್ ಕೋಚ್ ಆದಮೇಲೆ ಮಾಸ್ಟರದು ಒಂದೇ ಕಾನೂನು: ನನ್ನ ತಂಡದವರು ಇನ್ನೊಂದು ಆಟ ಮುಟ್ಟಕೂಡದು. ಈಗ ನೋಡಿದರೆ, ಮಹಿಳಾ ತಂಡದ ಜೀವಾಳವಾದ ಡಿಫೆಂಡರ್, ಆಸ್ಪತ್ರೆಯ ನರ್ಸು, ಡ್ಯೂಟಿ ಮುಗಿಸಿ ವಾಲಿಬಾಲ್ ಆಡುತ್ತಾಳೆಂದು ಕಿವಿಗೆ ಬಿತ್ತು.

"ಒಂದನ್ನ ಬಿಡಮ್ಮ. ಇಲ್ಲಾಂದ್ರೆ ಫೈನಲ್‌ಗೆ ನೀನಿಲ್ಲ."

"ಯಾವುದನ್ನ ಬಿಡಲಿ ಸರ್? ಎರಡೂ ನಂದೇ."

ಮಾತಿನಲ್ಲಿ ಸೊಕ್ಕಿರಲಿಲ್ಲ. ಅದೇ ಅವರನ್ನು ಹೆಚ್ಚು ಚುಚ್ಚಿತು.

ಫೈನಲ್ಲಿಗೆ ನಾಲ್ಕು ದಿನವಿತ್ತು. ಗೋಲ್‌ಕೀಪರ್ ಬೇರೆ ಕಾಲು ಉಳುಕಿಸಿಕೊಂಡು ಕೂತಿದ್ದಳು. ಬೆಳಿಗ್ಗೆ ಮಾಸ್ಟರು ಅಡುಗೆಮನೆಯ ಮೇಜಿನ ಮುಂದೆ ತಂಡದ ಪಟ್ಟಿ ಹಿಡಿದು ಕೂತರು. ನರ್ಸಿನ ಹೆಸರು ಹೊಡೆದುಹಾಕಿ, ಅವಳ ಜಾಗಕ್ಕೆ ಮತ್ತೊಬ್ಬಳನ್ನು ಬರೆದರು. ಗೋಲಿನ ಜಾಗ ಖಾಲಿಯೇ ಉಳಿಯಿತು.

ಹೆಂಡತಿ ಟೀ ತರುವಾಗ ಮೊಣಕೈ ತಾಗಿ, ಮೇಜಿನ ಮೇಲಿದ್ದ ಖಾಲಿ ಗಾಜಿನ ಲೋಟ ಜಾರಿತು. ಮಾಸ್ಟರ ಕಾಲು ತಟ್ಟನೆ ಮುಂದೆ ಹೋಗಿ, ಲೋಟವನ್ನು ಪಾದದ ಮೇಲೆ ತಡೆದು ಮೇಲಕ್ಕೆ ಚಿಮ್ಮಿಸಿತು. ಕೈ ಗಾಳಿಯಲ್ಲೇ ಹಿಡಿಯಿತು.

"ಭಲೇ! ಕಾಲು ಫುಟ್‌ಬಾಲು, ಕೈ ವಾಲಿಬಾಲು," ಹೆಂಡತಿ ನಕ್ಕಳು. "ಈಗ ಯಾವುದನ್ನ ಟೀಮಿಂದ ತೆಗೀತೀರಿ, ಹೇಳಿ ನೋಡೋಣ?"

ಮಾಸ್ಟರು ನಗಲಿಲ್ಲ. ಲೋಟ ಹಿಡಿದ ಕೈಯನ್ನು ನೋಡಿದರು, ಪಟ್ಟಿಯಲ್ಲಿ ಖಾಲಿ ಉಳಿದ ಜಾಗವನ್ನು ನೋಡಿದರು. ಫುಟ್‌ಬಾಲಿನಲ್ಲೂ ಕೈ ಎತ್ತಬಹುದಾದ ಜಾಗ ಒಂದಿದೆ. ಅಲ್ಲಿ ತಮ್ಮನ್ನು ನಿಲ್ಲಿಸಬಹುದೆಂದು ಆ ಕಾಲದಲ್ಲಿ ಯಾರಿಗೂ ಹೊಳೆದಿರಲಿಲ್ಲ. ತಮಗೂ ಹೊಳೆದಿರಲಿಲ್ಲವಲ್ಲ ಎಂದು ಅವರಿಗೆ ಸಂಕಟವಾಯಿತು.

ನರ್ಸಿಗೆ ಫೋನ್ ಮಾಡಿದರು.

"ಯಾವುದನ್ನೂ ಬಿಡಬೇಡಮ್ಮ. ಸಂಜೆ ಬಾ, ಗೋಲಲ್ಲಿ ನಿಂತ್ಕೋ. ಚೆಂಡು ತಲೆ ಮೇಲೆ ಬಂದ್ರೆ, ಧೈರ್ಯವಾಗಿ ಕೈ ಎತ್ತು."

ಫೋನಿಟ್ಟ ಮೇಲೆ ಬಲಗೈಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದರು. ಪಾಪ, ಮೂವತ್ತು ವರ್ಷ ಸುಮ್ಮನೆ ಬೈಸಿಕೊಂಡಿತ್ತು.