ಸೌಂದರ್ಯಾಳ ದದ್ದನ್ನೂ ಬರೆದುಕೊಳ್ಳಿ

ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಹಿಂದಿನ ವಠಾರದಲ್ಲಿ ಪೀರಮ್ಮನ ಮನೆ. ಗುಲ್ಬರ್ಗಾ ಕಡೆಯವರು. ಗಂಡ ಭೀಮಾಶಂಕರ ಗಾರೆ ಕೆಲಸಕ್ಕೆ ಹೋಗುತ್ತಾನೆ. ಆ ಬೇಸಿಗೆಯಲ್ಲಿ ಮಗಳು ಸೌಂದರ್ಯಾಳ ಮೈತುಂಬ ದದ್ದು ಎದ್ದವು. ಸಂಜೆಯಾದರೆ ಮಗು ಕೆರೆದುಕೊಂಡು ಅಳುತ್ತಿತ್ತು.

ಕಾರ್ಪೊರೇಷನ್ ಆಸ್ಪತ್ರೆಯಿಂದ ಮನೆ ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಗುಲ್ಷನ್, ಮಗುವಿನ ಕೈ ಹಿಡಿದು ನೋಡಿದಳು.

"ಏನ್ ತಿನ್ಸಿದ್ದೆ ಪೀರಮ್ಮ?"

"ಮನ್ಯಾಗಿಂದೇ ಆಪಾ. ರೊಟ್ಟಿ, ಬ್ಯಾಳಿ. ಹೊಸಾದು ಅಂದ್ರ ಆ ಕಂಪನಿ ಪುಡಿ ಒಂದೇ. ದಿನಾ ಎರಡು ಗ್ಲಾಸ್ ಕುಡಿಸ್ರಿ ಅಂದಾರ."

ಒಂದು ಪಾನೀಯ ಕಂಪನಿಯವರು ಪರೀಕ್ಷೆಗೆಂದು ವಠಾರದ ಮಕ್ಕಳಿಗೆಲ್ಲ ಪುಡಿ ಹಂಚಿದ್ದರು. ನೀರಿಗೆ ಹಾಕಿದರೆ ಗಾಢವಾದ ಕಿತ್ತಳೆ ಬಣ್ಣ. ಅಲಿಯಾ ಎಂಬ ಕಾಲೇಜು ಹುಡುಗಿ ಕಂಪನಿಯ ಪರವಾಗಿ ವಾರಕ್ಕೊಮ್ಮೆ ಬಂದು, ಮಗು ಹೇಗಿದೆ ಎಂದು ಕೇಳಿ ಬರೆದುಕೊಂಡು ಹೋಗುತ್ತಿದ್ದಳು. ಪರೀಕ್ಷೆ ಮುಗಿದ ಮೇಲೆ ಮನೆಗೊಂದು ಕುಕ್ಕರ್ ಕೊಡುವುದಾಗಿ ಹೇಳಿದ್ದರು.

"ದದ್ದು ಎದ್ದಿದ್ದನ್ನ ಆ ಹುಡುಗಿಗೆ ಹೇಳಿದ್ಯಾ?"

"ಹ್ಯಾಂಗ್ ಹೇಳ್ಲಿ ಆಪಾ? ಪಾಪ, ಬಿಸಿಲಾಗ ಬಂದಿರ್ತಾಳ. ಮಾರಿ ಬಾಡಿರ್ತದ. ಮಜ್ಜಿಗಿ ಕೊಟ್ಟು, ಎಲ್ಲಾ ಚಲೋ ಅದ ಬರ್ಕೊವ್ವಾ ಅಂದೆ. ಮನಿಗೆ ಬಂದೋರ ಮುಂದ ನಿಮ್ಮ ಮಾಲು ಚಲೋ ಇಲ್ಲ ಅನ್ಲಿಕ್ ಆಗ್ತದೇನು?"

"ಅವಳೇನು ಹೆಣ್ಣು ನೋಡೋಕ್ ಬಂದಿದ್ಲಾ, ಇಷ್ಟು ಮರ್ಯಾದೆ ಮಾಡೋಕೆ?" ಗುಲ್ಷನ್ ನಕ್ಕಳು.

ಕೆಲಸದಿಂದ ಬಂದು ಹೊಸ್ತಿಲಲ್ಲಿ ಕೂತಿದ್ದ ಭೀಮಾಶಂಕರನಿಗೆ ನಗು ಬರಲಿಲ್ಲ. "ದೊಡ್ಡ ದೊಡ್ಡ ಸೈಂಟಿಸ್ಟ್‌ಗೋಳು ಮಾಡಸೋ ಪರೀಕ್ಷಾ ಅದು. ಅವರಿಗಿಂತ ನೀವು ಶಾಣ್ಯಾರೇನ್ರಿ?"

"ಇಲ್ಲಪ್ಪ. ಪುಡಿಯಿಂದ್ಲೇ ದದ್ದು ಬಂತು ಅಂತ ನಾನೂ ಹೇಳಲ್ಲ. ಅದನ್ನ ಡಾಕ್ಟರ್ ನೋಡ್ಬೇಕು. ಆದ್ರೆ ಬಂದಿದ್ದನ್ನ ಬಂತು ಅಂತ ಬರೀಬೇಕಲ್ಲ? ಮಕ್ಕಳ ಪಾನೀಯಕ್ಕೆ ಎಷ್ಟು ಬಣ್ಣ ಹಾಕ್ಬಹುದು ಅಂತ ಸರ್ಕಾರ ನಿಯಮ ಮಾಡೋಕೆ ಹೊರಟಿದೆ, ನಮ್ಮ ಡಾಕ್ಟರಮ್ಮ ಹೇಳ್ತಿದ್ರು. ಬಣ್ಣ ಕಡಿಮೆ ಮಾಡೋದು ಬೇಡ, ನಾವು ಪರೀಕ್ಷೆ ಮಾಡಿದೀವಿ, ಯಾವ ಮಗೂಗೂ ಏನೂ ಆಗಿಲ್ಲ ಅಂತ ಕಂಪನಿ ವರದಿ ಕೊಡುತ್ತೆ. ಆ 'ಏನೂ ಆಗಿಲ್ಲ' ಅನ್ನೋದು ಯಾರ ಮಾತು? ನಿನ್ನ ಹೆಂಡತೀದು."

ಪೀರಮ್ಮನ ಮುಖ ಸಣ್ಣಗಾಯಿತು. "ಕುಡಿಸೋದು ನಿಲ್ಸಿದ್ರ ನಮ್ಮ ಮನೀನೇ ಲೆಕ್ಕದಿಂದ ತೆಗೀತಾರಂತ ಆಪಾ. ಹಿಂದಿನ ಮನಿ ರಾಮಲಕ್ಷ್ಮಮ್ಮನ ಮೊಮ್ಮಗಗೂ ತುರಿಕಿ ಎದ್ದು ನಿಲ್ಸಿದ್ರು. ಅವರದು ತೆಗದ್ರು."

"ದದ್ದೆದ್ದ ಮಕ್ಕಳನ್ನೆಲ್ಲ ತೆಗೆದ್ಬಿಟ್ರೆ ಉಳಿಯೋರು ಯಾರು?"

ಪೀರಮ್ಮ ಯೋಚಿಸಿದಳು. "ಹೊತ್ತಿದ ರೊಟ್ಟಿ ಮುಚ್ಚಿಟ್ಟು, ಚಲೋವು ಅಷ್ಟೇ ಇವರಿಗೆ ನೀಡಿದಂಗ ಆಯ್ತಲ್ಲ."

"ಹಂಗೂ ಮಾಡ್ತಿ ಏನು?" ಭೀಮಾಶಂಕರ ಕೇಳಿದ.

"ಹೊತ್ತಿದ್ದು ನಾನೇ ತಿಂತೀನಿ. ಸುಮ್ನ ಕೂಡ್ರಿ."

ಮರುದಿನ ಕೂಲಿ ಬಿಟ್ಟು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದವನು ಭೀಮಾಶಂಕರನೇ. ಡಾಕ್ಟರು ಔಷಧಿ ಕೊಟ್ಟು, ಸದ್ಯಕ್ಕೆ ಪುಡಿ ನಿಲ್ಲಿಸಲು ಹೇಳಿದರು.

ಆ ವಾರ ಅಲಿಯಾ ಬಂದಾಗ ಪೀರಮ್ಮ ಬಾಗಿಲಲ್ಲೇ ಹೇಳಿದಳು. "ಸಿಟ್ಟಾಗಬ್ಯಾಡವ್ವಾ, ನಾ ಸುಳ್ಳು ಹೇಳಿದ್ದೆ. ಮಗೀಗೆ ದದ್ದು ಎದ್ದಾವ. ಪುಡಿ ನಿಲ್ಸೀನಿ."

ಅಲಿಯಾ ಪೆನ್ನು ಮುಚ್ಚಿದಳು. "ಹಾಗಾದ್ರೆ ನಿಮ್ಮ ಮನೆ ಬಿಟ್ಬಿಡ್ತೀನಿ ಆಂಟಿ. ಸೂಪರ್‌ವೈಸರ್ ಹಾಗೇ ಹೇಳಿದಾರೆ. ಕುಕ್ಕರ್ ಸಿಗಲ್ಲ, ಅಷ್ಟೇ."

"ಕುಕ್ಕರ್ ಬ್ಯಾಡ. ಮನಿ ಬಿಡಬ್ಯಾಡ. ಓದಿದಾಕಿ ನೀನು. ಜಡ್ಡಾದ ಮಕ್ಕಳನ್ನ ತೆಗದು ಲೆಕ್ಕ ಮಾಡು ಅಂತ ನಿಮ್ಮ ಕಾಲೇಜಿನಾಗ ಕಲಿಸ್ತಾರೇನು?"

"ಕಲಿಸಲ್ಲ ಆಂಟಿ" ಎಂದಳು ಅಲಿಯಾ. ಮತ್ತೆ ಪೆನ್ನು ತೆರೆದು ಬರೆದುಕೊಂಡಳು. ಹೋಗುವ ಮುನ್ನ, ರಾಮಲಕ್ಷ್ಮಮ್ಮನ ಮನೆ ಯಾವುದೆಂದು ಕೇಳಿದಳು.

ಅವಳು ಬರೆದದ್ದನ್ನು ಕಂಪನಿಯವರು ವರದಿಯಲ್ಲಿ ಉಳಿಸುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ವಠಾರದ ಮಹಿಳಾ ಸಂಘದವರು ಗುಲ್ಷನ್‌ಳ ನೆರವಿನಿಂದ, ದದ್ದೆದ್ದ ಮಕ್ಕಳ ಹೆಸರು ಹಾಕಿ, ಆರೋಗ್ಯ ಇಲಾಖೆಗೆ ತಾವೇ ಒಂದು ಪತ್ರ ಬರೆದರು. ಅಂಚೆಗೆ ಹಾಕಲು ಹೊರಟ ಭೀಮಾಶಂಕರ ಬಾಗಿಲಿನಿಂದ ತಿರುಗಿ ಬಂದ. "ರಾಮಲಕ್ಷ್ಮಮ್ಮನ ಮೊಮ್ಮಗನ ಹೆಸರು ಹಾಕೀರೇನು?" ಎಂದು ಕೇಳಿ, ಹೌದೆಂದ ಮೇಲೇ ಹೋದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಂಪನಿಗಳು ಮಾಡಿಸುವ ಸಂಶೋಧನೆಯೆಲ್ಲ ಸುಳ್ಳೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದೂ ತಪ್ಪಾದೀತು. ಆದರೆ ಮಾರುವವರೇ ಪರೀಕ್ಷೆ ಮಾಡಿಸಿದಾಗ, ಖರ್ಚು ಯಾರದು, ಲೆಕ್ಕದಿಂದ ಯಾರನ್ನು ಬಿಟ್ಟಿರಿ ಎಂದು ಕೇಳಲು ಸಂಕೋಚ ಬೇಡ. ಮಗುವಿಗೆ ತೊಂದರೆಯಾದರೆ ಕೂಡಲೇ ನಿಲ್ಲಿಸಿ. ಯಾಕೆ ನಿಲ್ಲಿಸಿದಿರಿ ಎಂಬುದನ್ನು ತಪ್ಪದೆ ಬರೆಸಿ. ಆಹಾರದ ನಿಯಮ ಮಾಡುವವರ ಮೇಜಿಗೆ ಕಂಪನಿಗಳ ದಪ್ಪ ವರದಿಗಳು ಹೇಗೂ ಹೋಗುತ್ತವೆ. ಅವುಗಳ ಜೊತೆ, ಮಕ್ಕಳಿಗೆ ಉಣಿಸುವವರಾದ ನಿಮ್ಮ ಪತ್ರವೂ ಒಂದಿರಲಿ.